ರಾತ್ರಿ ಒಬ್ಬರೇ ಓಡಾಡುವವರಿಗೆ ಯಾವ ಸಾಧನ ಸರಿ? ಪೆಪ್ಪರ್ ಸ್ಪ್ರೇ, ಅಲಾರಂ, ಸ್ಟನ್ ಗನ್, ಟಾರ್ಚ್…

ರಾತ್ರಿಪಾಳಿ
ಎಲ್ಲರಿಗೂ ನಮಸ್ಕಾರ. ನನ್ನ ಕೆಲಸ ಮುಗಿಯುವಾಗ ರಾತ್ರಿ ಹನ್ನೊಂದು ದಾಟಿರುತ್ತದೆ. ಬಸ್ಸಿಳಿದ ಮೇಲೆ ಕಾಲು ಗಂಟೆ ನಡೆಯಬೇಕು, ಅದರಲ್ಲಿ ಅರ್ಧ ದಾರಿಗೆ ದೀಪವೇ ಇಲ್ಲ. ಇತ್ತೀಚೆಗೆ ಒಬ್ಬ ಮನುಷ್ಯ ಹಿಂದೆ ಹಿಂದೆಯೇ ಬರತೊಡಗಿದ್ದಾನೆ. ಇದುವರೆಗೆ ಏನೂ ಮಾಡಿಲ್ಲ. ನಾನು ನಿಂತರೆ ಅವನೂ ನಿಲ್ಲುತ್ತಾನೆ.

ಯಾರ ಪ್ರಾಣಕ್ಕೂ ಕುತ್ತು ತರದ, ಆದರೆ ನನಗೆ ಓಡಿಹೋಗಲು ಸಮಯ ಕೊಡುವ ಸಾಧನ ಬೇಕು. ಹುಡುಕಲು ಹೋದರೆ ಒಂದರ ಮೇಲೆ '20 ಲಕ್ಷ ಸ್ಕೋವಿಲ್' ಅಂತ ಬರೆದಿದೆ, ಇನ್ನೊಂದರ ಮೇಲೆ '50 ಲಕ್ಷ ವೋಲ್ಟ್' ಅಂತ. ಇವುಗಳಲ್ಲಿ ನಿಜಕ್ಕೂ ಕೆಲಸಕ್ಕೆ ಬರುವುದು ಯಾವುದು? ಇಟ್ಟುಕೊಂಡವರು, ಬಳಸಿದವರು ದಯವಿಟ್ಟು ಹೇಳಿ. ಕರಾಟೆ ಕಲಿಯಿರಿ ಅನ್ನಬೇಡಿ, ನನಗೆ ಈ ವಾರದಿಂದಲೇ ಏನಾದರೂ ಬೇಕು.

ನೇರಮಾತು
ಪೆಪ್ಪರ್ ಸ್ಪ್ರೇ. ಬೇರೆ ಯೋಚನೆಯೇ ಬೇಡ.

ಗಟ್ಟಿಗ
ಗಾಳಿ ನಿಮ್ಮ ಕಡೆಗೇ ಬೀಸುತ್ತಿದ್ದರೆ? ಅವನ ಬದಲು ನಿಮ್ಮ ಕಣ್ಣೇ ಮುಚ್ಚಿಹೋಗುತ್ತದೆ. ಮೈಗೆ ಒತ್ತಿದರೆ ಕರೆಂಟ್ ಹೊಡೆಯುವ ಸ್ಟನ್ ಗನ್ ತೆಗೆದುಕೊಳ್ಳಿ. ಆ ಚಟಪಟ ಸದ್ದು ಕೇಳಿದರೇ ಸಾಕು, ಯಾರೂ ಹತ್ತಿರ ಬರುವುದಿಲ್ಲ.

ಬಯಲುಹಕ್ಕಿ
ಗಾಳಿಯ ಮಾತು ನಿಜ, ಆದರೆ ಎಲ್ಲ ಸ್ಪ್ರೇಗೂ ಅದು ಒಂದೇ ತರಹ ಅನ್ವಯಿಸುವುದಿಲ್ಲ. ನಾನು ಕಾಡುದಾರಿಗಳಲ್ಲಿ ನಡೆಯುವವಳು, ಪ್ರಾಣಿಗಳಿಗೋಸ್ಕರ ಸ್ಪ್ರೇ ಇಟ್ಟುಕೊಳ್ಳುತ್ತೇನೆ. ಹಾಗಾಗಿ ಇದರ ಬಗ್ಗೆ ಸ್ವಲ್ಪ ತಲೆ ಕೆಡಿಸಿಕೊಂಡಿದ್ದೇನೆ.

ಮೊದಲು ನೋಡಬೇಕಾದದ್ದು ಅದು ಹೇಗೆ ಹೊರಗೆ ಬರುತ್ತದೆ ಅನ್ನುವುದನ್ನು. ಮಂಜಿನ ಹಾಗೆ ಹರಡುವ ಫಾಗ್‌ಗೆ ಗುರಿ ಅಷ್ಟು ಮುಖ್ಯವಲ್ಲ, ಆದರೆ ಗಾಳಿಗೆ ಅದೇ ಮೊದಲು ತಿರುಗಿ ಬರುವುದು. ಮುಚ್ಚಿದ ಕೋಣೆಯಲ್ಲಿ ಒತ್ತಿದರೆ ಅಲ್ಲಿದ್ದವರೆಲ್ಲ ಕೆಮ್ಮುತ್ತಾರೆ. ಪಿಚಕಾರಿಯಂತೆ ಚಿಮ್ಮುವ ಸ್ಟ್ರೀಮ್ ಮೂರು ನಾಲ್ಕು ಮೀಟರ್ ದೂರ ಹೋಗುತ್ತದೆ, ಗಾಳಿಗೆ ಅಷ್ಟು ಅಲುಗಾಡುವುದಿಲ್ಲ, ಆದರೆ ಕಣ್ಣಿಗೇ ತಾಗಬೇಕು. ಜೆಲ್ ಇನ್ನೂ ಗಟ್ಟಿ. ಅಂಟಿಕೊಳ್ಳುತ್ತದೆ, ಒರೆಸಿದಷ್ಟೂ ಹರಡುತ್ತದೆ, ನಿಮ್ಮ ಕಡೆಗೆ ಬರುವ ಭಯ ತುಂಬಾ ಕಡಿಮೆ. ಉಸಿರಿನೊಳಗೆ ಅಷ್ಟಾಗಿ ಹೋಗುವುದಿಲ್ಲ, ಹಾಗಾಗಿ ಪರಿಣಾಮ ಶುರುವಾಗುವುದು ಒಂಚೂರು ತಡ.

ಇನ್ನು ಆ 20 ಲಕ್ಷ ಸ್ಕೋವಿಲ್. ವಿಲ್ಬರ್ ಸ್ಕೋವಿಲ್ ಎಂಬ ಔಷಧಶಾಸ್ತ್ರಜ್ಞ 1912ರಲ್ಲಿ ಮೆಣಸಿನಕಾಯಿಯ ಖಾರ ಅಳೆಯಲು ಮಾಡಿದ ಲೆಕ್ಕ ಅದು. ಮೆಣಸಿನಕಾಯಿಗೆ ಖಾರ ಕೊಡುವ ಶುದ್ಧ ಕ್ಯಾಪ್ಸೈಸಿನ್‌ಗೆ 1 ಕೋಟಿ 60 ಲಕ್ಷ. ಡಬ್ಬಿಯ ಮೇಲೆ ಹಾಕುವ ಸಂಖ್ಯೆ ಬಹಳ ಸಲ ಬೆರೆಸುವ ಮುಂಚಿನ ಗಟ್ಟಿ ಸಾರದ್ದು. 20 ಲಕ್ಷದ ಸಾರವನ್ನು 10 ಶೇಕಡಾ ಬೆರೆಸಿದರೆ ನಿಮ್ಮ ಕೈಯಲ್ಲಿರುವುದು 2 ಲಕ್ಷ ಅಷ್ಟೇ. '10 ಶೇಕಡಾ ಓಸಿ' (ಓಸಿ ಅಂದರೆ ಆ ಮೆಣಸಿನ ಸಾರ) ಅಂತ ಮಾತ್ರ ಬರೆದಿದ್ದರೂ ಅಷ್ಟೇ, ಆ ಸಾರ ಎಷ್ಟು ಖಾರ ಅನ್ನುವುದು ಅದರಿಂದ ತಿಳಿಯುವುದಿಲ್ಲ. ನೋಡಬೇಕಾದದ್ದು 'ಮೇಜರ್ ಕ್ಯಾಪ್ಸೈಸಿನಾಯ್ಡ್ಸ್', ಅಂದರೆ ನಿಜವಾಗಿ ಉರಿ ಕೊಡುವ ಅಂಶಗಳ ಶೇಕಡಾ. ಸಾಮಾನ್ಯವಾಗಿ 0.2ರಿಂದ 1.3ರವರೆಗೆ ಇರುತ್ತದೆ. ಅದನ್ನು ಬರೆಯದೇ ಇರುವ ಡಬ್ಬಿ ನಾನಂತೂ ಮುಟ್ಟುವುದಿಲ್ಲ.

ಸರ್ಕ್ಯೂಟ್‌ಮೇಷ್ಟ್ರು
ಗಟ್ಟಿಗ ಅವರೇ, ಸ್ಟನ್ ಗನ್ನಿನ ವೋಲ್ಟ್ ಬಗ್ಗೆ ಒಂದು ಲೆಕ್ಕ ಹೇಳುತ್ತೇನೆ. ಇದನ್ನು ತರಗತಿಯಲ್ಲಿ ಹೇಳಿದಾಗ ಮಕ್ಕಳು ಬಾಯಿ ಬಿಟ್ಟು ಕೇಳುತ್ತಾರೆ.

ಒಣ ಗಾಳಿಯಲ್ಲಿ ಕಿಡಿ ಒಂದು ಸೆಂಟಿಮೀಟರ್ ಹಾರಲು ಸುಮಾರು 30 ಸಾವಿರ ವೋಲ್ಟ್ ಬೇಕು. ಆ ಸ್ಟನ್ ಗನ್ನಿನ ತುದಿಯಲ್ಲಿ ಎರಡು ಲೋಹದ ಮೊಳೆಗಳಿರುತ್ತವೆ ಅಲ್ವಾ, ಅವುಗಳ ನಡುವಿನ ಅಂತರ ನೋಡಿ. ಮೂರು ಸೆಂಟಿಮೀಟರ್ ಅಂದುಕೊಳ್ಳಿ. ವೋಲ್ಟೇಜ್ 90 ಸಾವಿರದ ಹತ್ತಿರ ಬಂದ ಕೂಡಲೇ ಕಿಡಿ ಹಾರಿಬಿಡುತ್ತದೆ, ಅಲ್ಲಿಂದ ಮೇಲೆ ಏರುವುದೇ ಇಲ್ಲ. ನಿಜಕ್ಕೂ 50 ಲಕ್ಷ ವೋಲ್ಟ್ ಇದ್ದಿದ್ದರೆ ಕಿಡಿ ಒಂದೂವರೆ ಮೀಟರಿಗಿಂತ ಜಾಸ್ತಿ ದೂರ ಹಾರಬೇಕಿತ್ತು. ಹಿಡಿದವರಿಗೇ ಹೊಡೆಯುತ್ತಿತ್ತು. ಆ ಸಂಖ್ಯೆ ಬರೀ ಮಾರಾಟಕ್ಕೆ.

ಗಟ್ಟಿಗ
ಸಂಖ್ಯೆ ಸುಳ್ಳೇ ಇರಲಿ ಮೇಷ್ಟ್ರೇ. ನೋವಾಗುವುದಂತೂ ಸುಳ್ಳಲ್ಲ.

ಸರ್ಕ್ಯೂಟ್‌ಮೇಷ್ಟ್ರು
ನೋವಾಗುತ್ತದೆ, ಒಪ್ಪುತ್ತೇನೆ. ಆದರೆ ಅದಕ್ಕೆ ಅವನ ಮೈಗೆ ಒತ್ತಿ ಹಿಡಿಯಬೇಕು. ಅಂದರೆ ಅವನ ಕೈ ನಿಮ್ಮನ್ನು ಮುಟ್ಟುವಷ್ಟು ಹತ್ತಿರ ಬಂದಿರಬೇಕು. ದಪ್ಪ ಜಾಕೆಟ್ ಹಾಕಿದ್ದರೆ, ಕುಡಿದಿದ್ದರೆ, ಕೈ ಕೊಸರಿಕೊಂಡರೆ ಏನು ಮಾಡುತ್ತೀರಿ? ಈ ಹೆಣ್ಣುಮಗಳು ಕೇಳಿದ್ದು ಓಡಲು ಸಮಯ. ಮೈಗೆ ಮೈ ತಾಗುವ ದೂರದಲ್ಲಿ ಆ ಸಮಯ ಸಿಗುವುದಿಲ್ಲ.

ಮಳೆಬಿಲ್ಲು
ಹಾಗಾದರೆ ಪೊಲೀಸರು ಇಟ್ಟುಕೊಳ್ಳುವುದು? ದೂರದಿಂದಲೇ ಹೊಡೆದರೆ ಬೀಳುತ್ತಾರಲ್ಲ?

ಸರ್ಕ್ಯೂಟ್‌ಮೇಷ್ಟ್ರು
ಅದು ಟೇಸರ್. ಬೇರೆಯೇ ಯಂತ್ರ. 1970ರ ದಶಕದಲ್ಲಿ ಅಮೆರಿಕದ ಜ್ಯಾಕ್ ಕವರ್ ರೂಪಿಸಿದ್ದು. ಎರಡು ಸಣ್ಣ ಮುಳ್ಳುಗಳು ತಂತಿಯ ಜೊತೆ ಹಾರಿ ಬಟ್ಟೆಗೋ ಚರ್ಮಕ್ಕೋ ಕಚ್ಚಿಕೊಳ್ಳುತ್ತವೆ. ಎರಡರ ನಡುವಿನ ಸ್ನಾಯುಗಳು ಬಿಗಿದುಕೊಂಡು ಮನುಷ್ಯ ಮರದಂತೆ ಬೀಳುತ್ತಾನೆ. ಸ್ಟನ್ ಗನ್ನಿನದು ಬರೀ ನೋವು, ಇದು ಮೈಯನ್ನೇ ಹಿಡಿದಿಡುತ್ತದೆ.

ಆದರೆ ಎರಡೂ ಮುಳ್ಳು ತಾಗಲೇಬೇಕು. ತೀರಾ ಹತ್ತಿರದಿಂದ ಹೊಡೆದರೆ ಅವು ಅಕ್ಕಪಕ್ಕದಲ್ಲೇ ಚುಚ್ಚಿ ಪರಿಣಾಮ ಕಡಿಮೆಯಾಗುತ್ತದೆ. ಸಡಿಲ ಬಟ್ಟೆ ಇದ್ದರೂ ಕಷ್ಟ. ಹಲವು ಮಾದರಿಗಳಲ್ಲಿ ಒಂದೇ ಹೊಡೆತ. ದುಬಾರಿ ಬೇರೆ, ಎಷ್ಟೋ ದೇಶಗಳಲ್ಲಿ ಸಾಮಾನ್ಯ ಜನ ಇಟ್ಟುಕೊಳ್ಳುವ ಹಾಗೂ ಇಲ್ಲ.

ತುರ್ತುವಾರ್ಡ್
ಒಂದು ಮಾತು ಸೇರಿಸುತ್ತೇನೆ. ಟೇಸರ್ ತಾಗಿ ಬಿದ್ದು ತಲೆಗೆ ಪೆಟ್ಟಾಗಿ ಸತ್ತವರಿದ್ದಾರೆ. ಹೃದಯದ ತೊಂದರೆ ಇದ್ದವರಿಗೂ ಅಪಾಯವಿದೆ. ಆದ್ದರಿಂದ 'ಪ್ರಾಣಾಪಾಯವಿಲ್ಲದ' ಅನ್ನುವುದನ್ನು ಪೂರ್ತಿ ನಂಬಬೇಡಿ. ಅಪಾಯ ಕಡಿಮೆ ಅಷ್ಟೇ.

ಓಟಗಾರ್ತಿ
ನಾನು ಬೆಳಗ್ಗೆ ಕತ್ತಲಿರುವಾಗಲೇ ಓಡಲು ಹೋಗುತ್ತೇನೆ. ನನ್ನ ಬಳಿ ಇರುವುದು ಬೆರಳಿನಷ್ಟು ಗಾತ್ರದ ಅಲಾರಂ. ಪಿನ್ ಎಳೆದರೆ ಕಿರುಚಲು ಶುರು, ಪಿನ್ ವಾಪಸ್ ಹಾಕುವವರೆಗೆ ನಿಲ್ಲುವುದಿಲ್ಲ. ಒಮ್ಮೆ ಒಬ್ಬ ಸೈಕಲ್ ಅಡ್ಡ ನಿಲ್ಲಿಸಿ ದಾರಿ ಕಟ್ಟಿದ. ಪಿನ್ ಎಳೆದು ಅಲಾರಂ ಅನ್ನು ಪಕ್ಕದ ಬೇಲಿಯೊಳಗೆ ಎಸೆದೆ. ಅವನಿಗೆ ಅದನ್ನು ಹುಡುಕುವುದೋ ನನ್ನನ್ನು ಹಿಡಿಯುವುದೋ ಗೊತ್ತಾಗಲಿಲ್ಲ. ಎರಡು ಮನೆಯ ದೀಪ ಹತ್ತಿಕೊಂಡವು. ಸೈಕಲ್ ಹತ್ತಿ ಹೊರಟುಹೋದ. ಪಿನ್ ನನ್ನ ಕೈಯಲ್ಲೇ ಇತ್ತು, ಅವನಿಗೆ ಅದು ಸಿಕ್ಕಿದ್ದರೂ ನಿಲ್ಲಿಸಲು ಆಗುತ್ತಿರಲಿಲ್ಲ.

ಕಾನೂನಿನ ತಲೆನೋವಿಲ್ಲ, ಗಾಳಿಯ ಭಯವಿಲ್ಲ, ಮಕ್ಕಳೂ ಬಳಸಬಹುದು. ಮೊದಲು ಇದನ್ನೇ ತೆಗೆದುಕೊಳ್ಳಿ ಅಕ್ಕಾ.

ನೇರಮಾತು
ನಿಮ್ಮ ದಾರಿಯಲ್ಲಿ ಮನೆಗಳಿದ್ದವು. ಇವರ ದಾರಿಯಲ್ಲಿ ದೀಪವೇ ಇಲ್ಲ ಅಂದಿದ್ದಾರೆ. ಕೇಳುವವರಿಲ್ಲದ ಕಡೆ ಅಲಾರಂ ಕೂಗಿ ಏನು ಪ್ರಯೋಜನ? ಇದ್ದರೂ ಜನ ಯಾವುದೋ ಕಾರಿನ ಅಲಾರಂ ಅಂದುಕೊಂಡು ಮಗ್ಗುಲು ಬದಲಿಸುತ್ತಾರೆ.

ಓಟಗಾರ್ತಿ
ಜನ ಬರಲಿ ಅಂತಲ್ಲ ಅದು. ಕೇಡು ಮಾಡಲು ಬಂದವನಿಗೆ ಸದ್ದು ಬೇಡ, ಬೆಳಕು ಬೇಡ. ಅವನಿಗೆ ಬೇಡದ್ದನ್ನು ಕೊಡುವುದೇ ಅದರ ಕೆಲಸ.

ಸರ್ಕ್ಯೂಟ್‌ಮೇಷ್ಟ್ರು
ಇಬ್ಬರ ಮಾತಿನಲ್ಲೂ ಹುರುಳಿದೆ. ದೂರ ಎರಡರಷ್ಟಾದಾಗ ಸದ್ದು 6 ಡೆಸಿಬಲ್ ಕಡಿಮೆಯಾಗುತ್ತದೆ. ಒಂದು ಮೀಟರ್ ದೂರದಲ್ಲಿ 120 ಡೆಸಿಬಲ್ ಇದ್ದರೆ ಬಯಲಿನಲ್ಲಿ ನೂರು ಮೀಟರ್ ಆಚೆ ಸುಮಾರು 80. ಅದೂ ಕೇಳಿಸುವಷ್ಟು ಜೋರೇ. ಆದರೆ ಕೆಲವರು ಅಳತೆಯನ್ನು ಸಾಧನಕ್ಕೆ ಅಂಟಿಕೊಂಡೇ ಮಾಡಿ '130' ಅಂತ ಬರೆಯುತ್ತಾರೆ. ಎಷ್ಟು ದೂರದಲ್ಲಿ ಅಳೆದದ್ದು ಅಂತ ಬರೆದಿರುವುದನ್ನೇ ತೆಗೆದುಕೊಳ್ಳಿ. ಬ್ಯಾಟರಿಯನ್ನೂ ಆಗಾಗ ನೋಡುತ್ತಿರಿ. ವರ್ಷಗಟ್ಟಲೆ ಚೀಲದಲ್ಲಿ ಬಿದ್ದಿದ್ದ ಅಲಾರಂ ಬೇಕಾದಾಗ ಕುಂಯ್ ಅಂದರೆ ಏನು ಮಾಡುವುದು?

ಮೌನಿ
ಸೀಟಿ. ಬ್ಯಾಟರಿಯೇ ಬೇಡ.

ತುರ್ತುವಾರ್ಡ್
ಸೀಟಿಗೆ ಉಸಿರು ಬೇಕು ಸಾರ್. ಭಯದಲ್ಲಿ ಉಸಿರು ಮೇಲುಮೇಲೆ ಹೋಗುತ್ತದೆ, ಓಡುತ್ತಾ ಊದುವುದಂತೂ ಕಷ್ಟ. ಬಾಯಿ ಒತ್ತಿ ಹಿಡಿದರೆ ಮುಗಿಯಿತು. ಜೊತೆಗಿರಲಿ, ಅದೊಂದನ್ನೇ ನಂಬಬೇಡಿ.

ಮಳೆಬಿಲ್ಲು
ನನ್ನ ಗೆಳತಿ ಬೀಗದಕೈಗಳನ್ನು ಬೆರಳುಗಳ ಸಂದಿಯಲ್ಲಿ ಹಿಡಿದುಕೊಂಡು ನಡೆಯುತ್ತಾಳೆ. ಅದೇ ಸಾಕು ಅನ್ನುತ್ತಾಳೆ. ಖರ್ಚೂ ಇಲ್ಲ.

ಡೋಜೋ ದಿನಗಳು
ಅದನ್ನು ಮಾತ್ರ ಬಿಡಲು ಹೇಳಿ. ಒಮ್ಮೆ ಗಟ್ಟಿ ಮೆತ್ತೆಗೆ ಹಾಗೆ ಗುದ್ದಿ ನೋಡಲಿ. ಬೀಗದಕೈ ಹಿಂದಕ್ಕೆ ಜಾರಿ ಅಂಗೈಗೇ ಚುಚ್ಚುತ್ತದೆ, ಬೆರಳಿನ ಸಂದಿ ಸೀಳುತ್ತದೆ. ಮುಷ್ಟಿಯೂ ಸರಿಯಾಗಿ ಬಿಗಿಯುವುದಿಲ್ಲ.

ಬೀಗದಕೈ ಗೊಂಚಲಿಗೆ ಹಾಕುವ ಕುಬೊಟಾನ್ ಅಂತ ಒಂದು ಸಣ್ಣ ಕೋಲು ಬರುತ್ತದೆ. ತಕಾಯುಕಿ ಕುಬೊಟಾ ಎಂಬ ಕರಾಟೆ ಗುರು 1970ರ ದಶಕದಲ್ಲಿ ಅದನ್ನು ಅಮೆರಿಕದ ಪೊಲೀಸರಿಗೆ ಕಲಿಸಿದರು. ಒಳ್ಳೆಯ ಸಾಧನ, ಆದರೆ ಕಲಿತವರಿಗೆ ಮಾತ್ರ. ಕಲಿಯದವರ ಕೈಯಲ್ಲಿ ಅದು ಬರೀ ಕೋಲು. ಹೊಡೆಯಲೂ ಬರುವ ಗಟ್ಟಿ ಲೋಹದ ಟ್ಯಾಕ್ಟಿಕಲ್ ಪೆನ್ನಿಗೂ ಇದೇ ಮಾತು.

ಈ ಎಲ್ಲಕ್ಕಿಂತ ಮುಖ್ಯವಾದದ್ದನ್ನು ಇಲ್ಲಿ ಇನ್ನೂ ಯಾರೂ ಕೇಳಿಲ್ಲ. ಸಾಧನ ಎಲ್ಲಿರುತ್ತದೆ? ಡೆನಿಸ್ ಟ್ಯೂಲರ್ ಎಂಬ ಅಮೆರಿಕದ ಪೊಲೀಸ್ ತರಬೇತುದಾರ 1983ರಲ್ಲಿ ಒಂದು ಲೇಖನ ಬರೆದರು. ಸಾಮಾನ್ಯ ಮನುಷ್ಯ 21 ಅಡಿ ದೂರವನ್ನು ಸುಮಾರು ಒಂದೂವರೆ ಸೆಕೆಂಡಿನಲ್ಲಿ ಓಡಿ ಮುಟ್ಟುತ್ತಾನೆ ಎಂದು ಅದರಲ್ಲಿ ತೋರಿಸಿದರು. ಅವರು ಹೇಳಿದ್ದು ಬಂದೂಕು ಇರುವವರಿಗೆ, ಆದರೆ ಲೆಕ್ಕ ಎಲ್ಲರಿಗೂ ಒಂದೇ. ಈಗ ನಿಮ್ಮ ಕೈಚೀಲದ ಜಿಪ್ ತೆಗೆದು, ಪರ್ಸು, ಚಾರ್ಜರ್, ನೀರಿನ ಬಾಟಲಿ ಎಲ್ಲ ಸರಿಸಿ ಸ್ಪ್ರೇ ಹೊರಗೆ ತೆಗೆದು ನೋಡಿ. ಒಂದೂವರೆ ಸೆಕೆಂಡಿನಲ್ಲಿ ಆಗುತ್ತದೆಯೇ? ಆಗುವುದಿಲ್ಲ. ಕತ್ತಲ ದಾರಿ ಶುರುವಾಗುವ ಮುಂಚೆಯೇ ಅದು ಕೈಯಲ್ಲಿರಬೇಕು, ಹೆಬ್ಬೆರಳು ಸೇಫ್ಟಿ ಲಾಕ್ ಮೇಲಿರಬೇಕು.

ಬಯಲುಹಕ್ಕಿ
ನೂರಕ್ಕೆ ನೂರು ನಿಜ. ಇನ್ನೊಂದು ವಿಷಯ. ಅಭ್ಯಾಸಕ್ಕೆಂದೇ ಬರೀ ನೀರು ತುಂಬಿದ ಡಬ್ಬಿ ಸಿಗುತ್ತದೆ. ಕತ್ತಲಲ್ಲಿ, ಕೈಗವಸು ಹಾಕಿಕೊಂಡು, ಎಡಗೈಯಲ್ಲಿ, ಎಲ್ಲ ತರಹ ಒತ್ತಿ ನೋಡಿ. ಕೆಲವು ಲಾಕ್‌ಗಳನ್ನು ಪಕ್ಕಕ್ಕೆ ತಿರುಗಿಸಬೇಕು, ಕೆಲವಕ್ಕೆ ಮುಚ್ಚಳದ ಕೆಳಗೆ ಹೆಬ್ಬೆರಳು ತೂರಿಸಬೇಕು. ಡಬ್ಬಿಯ ಮುಖ ಯಾವ ಕಡೆಗಿದೆ ಎಂದು ನೋಡದೆಯೇ ಬೆರಳಿಗೆ ತಿಳಿಯಬೇಕು.

ಬಳಸುವಾಗ ಒಂದು ಕಿವಿಯಿಂದ ಇನ್ನೊಂದು ಕಿವಿಯವರೆಗೆ ಕಣ್ಣಿನ ಮಟ್ಟದಲ್ಲಿ ಅಡ್ಡಕ್ಕೆ ಎಳೆಯಿರಿ. ಒಂದೆರಡು ಸೆಕೆಂಡ್ ಸಾಕು. ಒತ್ತುತ್ತಲೇ ಪಕ್ಕಕ್ಕೆ ಸರಿಯಿರಿ, ಯಾಕೆಂದರೆ ಕಣ್ಣು ಮುಚ್ಚಿದವನೂ ನೇರ ಮುಂದಕ್ಕೆ ನುಗ್ಗುತ್ತಾನೆ. ಆಮೇಲೆ ನಿಂತು ನೋಡಬೇಡಿ, ಓಡಿ. ಉರಿ ಸಾಮಾನ್ಯವಾಗಿ ಅರ್ಧ ಮುಕ್ಕಾಲು ಗಂಟೆ ಇರುತ್ತದೆ, ಆದರೆ ಎಲ್ಲರ ಮೇಲೂ ಒಂದೇ ತರಹ ಕೆಲಸ ಮಾಡುತ್ತದೆ ಅಂತಿಲ್ಲ.

ಕಾನೂನುಕಣ್ಣು
ಎಲ್ಲರೂ ಇದೇ ಒಳ್ಳೆಯದು, ಅದೇ ಒಳ್ಳೆಯದು ಅನ್ನುತ್ತಿದ್ದೀರಿ. ಕೊಳ್ಳುವ ಮುಂಚೆ ತಾವಿರುವ ಜಾಗದ ಕಾನೂನು ನೋಡಿ. ಬ್ರಿಟನ್‌ನಲ್ಲಿ ಪೆಪ್ಪರ್ ಸ್ಪ್ರೇ 1968ರ ಬಂದೂಕು ಕಾಯ್ದೆಯ ಕೆಳಗೆ ನಿಷೇಧಿತ ಆಯುಧ. ಸುಮ್ನೆ ಚೀಲದಲ್ಲಿಟ್ಟುಕೊಂಡಿದ್ದರೂ ಅಪರಾಧ. ಜರ್ಮನಿಯಲ್ಲಿ 'ಪ್ರಾಣಿಗಳ ವಿರುದ್ಧ' ಎಂಬ ಚೀಟಿಯೊಂದಿಗೆ ಮಾರುತ್ತಾರೆ. ಅಮೆರಿಕದಲ್ಲಿ ರಾಜ್ಯದಿಂದ ರಾಜ್ಯಕ್ಕೆ ವಯಸ್ಸಿನ ಮಿತಿ, ಡಬ್ಬಿಯ ಗಾತ್ರ ಬದಲಾಗುತ್ತದೆ. ಓದಲು, ಕೆಲಸಕ್ಕೆ ಬೇರೆ ದೇಶಕ್ಕೆ ಹೋಗುವವರು ಇದನ್ನು ಮರೆತು ಸಿಕ್ಕಿಹಾಕಿಕೊಳ್ಳುತ್ತಾರೆ.

ಇನ್ನೊಂದು. ಬೈದವನ ಮೇಲೆ, ಓಡಿಹೋಗುತ್ತಿರುವವನ ಮೇಲೆ ಸಿಟ್ಟಿಗೆ ಒತ್ತಿದರೆ ಅದು ಆತ್ಮರಕ್ಷಣೆಯಲ್ಲ, ಹಲ್ಲೆ. ಅಪಾಯ ಎದುರಿಗಿರಬೇಕು, ಅದನ್ನು ತಡೆಯಲು ಬೇಕಾದಷ್ಟೇ ಬಲ ಬಳಸಬೇಕು. ಬಳಸಿದ ಮೇಲೆ ನೀವೇ ಮೊದಲು ಪೊಲೀಸರಿಗೆ ಫೋನ್ ಮಾಡಿ.

ಗಟ್ಟಿಗ
ಪ್ರಾಣ ಹೋಗುವ ಹೊತ್ತಿನಲ್ಲಿ ಕಾಯ್ದೆ ಪುಸ್ತಕ ತೆಗೆದು ಓದುತ್ತಾ ಕೂರಬೇಕೇ?

ಕಾನೂನುಕಣ್ಣು
ಆ ಹೊತ್ತಿನಲ್ಲಿ ಅಲ್ಲ, ಕೊಳ್ಳುವ ಹೊತ್ತಿನಲ್ಲಿ ಓದಿ. ಐದು ನಿಮಿಷದ ಕೆಲಸ.

ಇಬ್ಬರು ಹೆಣ್ಮಕ್ಕಳ ಅಪ್ಪ
ನನ್ನ ದೊಡ್ಡ ಮಗಳು ಹಾಸ್ಟೆಲಿಗೆ ಹೋಗುತ್ತಿದ್ದಾಳೆ. ಸ್ಪ್ರೇ, ಅಲಾರಂ, ಟಾರ್ಚ್ ಎಲ್ಲ ಒಂದೊಂದು ತಂದು ಕೊಡೋಣ ಅಂತಿದ್ದೇನೆ. ಸರಿಯೇ?

ಡೋಜೋ ದಿನಗಳು
ಎಲ್ಲ ಕೊಡಬೇಡಿ ಸಾರ್. ನಾಲ್ಕು ಸಾಧನ ಇದ್ದರೆ ಯಾವುದಕ್ಕೆ ಕೈ ಹಾಕುವುದು ಎಂದು ಯೋಚಿಸುವುದರಲ್ಲೇ ಹೊತ್ತು ಹೋಗುತ್ತದೆ. ಮಗಳನ್ನೇ ಕೇಳಿ, ಯಾವುದನ್ನು ದಿನಾ ಹಿಡಿದುಕೊಂಡು ಹೋಗಲು ಅವಳಿಗೆ ಒಗ್ಗುತ್ತದೆ ಅಂತ. ಒಂದನ್ನು ಆರಿಸಿ ಇಬ್ಬರೂ ಸೇರಿ ಅಭ್ಯಾಸ ಮಾಡಿ.

ಬೆಳಕಿನಬಳ್ಳಿ
ನಾನು ಈ ಚರ್ಚೆಯಲ್ಲಿ ಬರೀ ಟಾರ್ಚಿಗೋಸ್ಕರ ಬರೆಯುತ್ತಿದ್ದೇನೆ, ಯಾರೂ ಅದನ್ನು ಗಂಭೀರವಾಗಿ ತೆಗೆದುಕೊಂಡಂತಿಲ್ಲ. ಕತ್ತಲಿಗೆ ಒಗ್ಗಿದ ಕಣ್ಣಿಗೆ ಜೋರು ಬೆಳಕು ಬಿದ್ದರೆ ಕೆಲವು ಕ್ಷಣ ಏನೂ ಕಾಣುವುದಿಲ್ಲ. ಕಣ್ಣು ಮತ್ತೆ ಪೂರ್ತಿ ಕತ್ತಲಿಗೆ ಒಗ್ಗಲು 20-30 ನಿಮಿಷ ಬೇಕು. ಕೊಳ್ಳುವಾಗ ಲ್ಯೂಮೆನ್ ಮಾತ್ರ ನೋಡಬೇಡಿ, ಅದು ಒಟ್ಟು ಬೆಳಕು. ಮಧ್ಯದ ಕಿರಣ ಎಷ್ಟು ತೀಕ್ಷ್ಣ ಎಂದು ಹೇಳುವುದು ಕ್ಯಾಂಡೆಲಾ. ಹಿಂಬದಿಯ ಗುಂಡಿ ಒಂದು ಸಲ ಒತ್ತಿದರೆ ನೇರ ಪೂರ್ತಿ ಬೆಳಕು ಬರಬೇಕು. ಮೂರು ನಾಲ್ಕು ಮೋಡ್ ದಾಟಿ ಹೋಗುವಂಥದ್ದು ಬೇಡ.

ಎಲ್ಲಕ್ಕಿಂತ ದೊಡ್ಡ ಲಾಭವೆಂದರೆ ನೀವು ಅದನ್ನು ಹೇಗೂ ಕೈಯಲ್ಲೇ ಹಿಡಿದಿರುತ್ತೀರಿ. ಹಿಂದೆ ಬರುವವನ ಕಡೆಗೆ ತಿರುಗಿ ಮುಖಕ್ಕೆ ಬೆಳಕು ಬಿಟ್ಟರೆ ಅವನಿಗೆ ಗೊತ್ತಾಗುತ್ತದೆ, ಇವಳು ನನ್ನನ್ನು ನೋಡಿದ್ದಾಳೆ ಅಂತ. ಹಗಲಿನಲ್ಲಿ ಮಾತ್ರ ಇದರಿಂದ ಏನೂ ಆಗುವುದಿಲ್ಲ.

ಅಂಗಳದಾಚೆ
ಎಲ್ಲರೂ ಕತ್ತಲ ದಾರಿಯ ಅಪರಿಚಿತನ ಬಗ್ಗೆಯೇ ಮಾತಾಡುತ್ತಿದ್ದೀರಿ. ಆದರೆ ಹೆಂಗಸರ ಮೇಲೆ ನಡೆಯುವ ಲೈಂಗಿಕ ಹಲ್ಲೆಗಳಲ್ಲಿ ಹೆಚ್ಚಿನವು ಪರಿಚಯದವರಿಂದಲೇ. ಗೆಳೆಯ, ನೆಂಟ, ಜೊತೆಯಲ್ಲಿ ಕೆಲಸ ಮಾಡುವವನು. ಅವನ ಮುಂದೆ ಸ್ಪ್ರೇ ಕೈಯಲ್ಲಿ ಹಿಡಿದು ಕೂರುತ್ತೇವೆಯೇ? ಅಲ್ಲಿ ಬೇಕಾದದ್ದು ಬೇರೆ. ಇದು ಸರಿಯಿಲ್ಲ ಎಂದು ಬೇಗ ಗುರುತಿಸುವುದು, ದಾಕ್ಷಿಣ್ಯ ಬಿಟ್ಟು ಜೋರಾಗಿ ಬೇಡ ಅನ್ನುವುದು, ಎದ್ದು ಹೊರಡುವುದು.

ಇದು ಕಲಿಸಿದರೆ ಬರುತ್ತದೆ. ಕೆನಡಾದ 3 ವಿಶ್ವವಿದ್ಯಾಲಯಗಳಲ್ಲಿ 893 ವಿದ್ಯಾರ್ಥಿನಿಯರ ಮೇಲೆ ಅಧ್ಯಯನ ನಡೆದು 2015ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾಯಿತು. 12 ಗಂಟೆಯ ತರಬೇತಿ. ಮುಂದಿನ ಒಂದು ವರ್ಷದಲ್ಲಿ ಅತ್ಯಾಚಾರಕ್ಕೆ ಒಳಗಾದವರ ಪ್ರಮಾಣ ತರಬೇತಿ ಇಲ್ಲದವರಲ್ಲಿ 9.8 ಶೇಕಡಾ, ತರಬೇತಿ ಪಡೆದವರಲ್ಲಿ 5.2 ಶೇಕಡಾ. ಯಾವ ಡಬ್ಬಿಯೂ ಇಲ್ಲದೆ!

ನೇರಮಾತು
ಅದೆಲ್ಲ ಸರಿ, ಆದರೆ ಇವರು ಕೇಳಿದ್ದು ಹಿಂದೆ ಬರುವ ಅಪರಿಚಿತನ ಬಗ್ಗೆ. ಅವರ ಪ್ರಶ್ನೆಗೆ ಉತ್ತರ ಕೊಡಿ.

ಅಂಗಳದಾಚೆ
ಓದುತ್ತಿರುವವರು ಅವರೊಬ್ಬರೇ ಅಲ್ಲ. ಮಗಳಿಗೆ ಸ್ಪ್ರೇ ಕೊಟ್ಟು ಎಲ್ಲ ಆಯಿತು ಅಂದುಕೊಳ್ಳುವ ಅಪ್ಪಂದಿರೂ ಓದುತ್ತಿದ್ದಾರೆ. ಅವರಿಗೂ ಇದು ಗೊತ್ತಾಗಬೇಕು.

ಇಬ್ಬರು ಹೆಣ್ಮಕ್ಕಳ ಅಪ್ಪ
ಗೊತ್ತಾಯಿತು ಅಮ್ಮಾ. ಮಗಳ ಜೊತೆ ಈ ಮಾತು ಆಡುವುದು ಸ್ಪ್ರೇ ತಂದು ಕೊಟ್ಟಷ್ಟು ಸುಲಭವಲ್ಲ. ಆದರೂ ಆಡುತ್ತೇನೆ.

ಮಳೆಬಿಲ್ಲು
ಸ್ಪ್ರೇ ನಮ್ಮ ಕಣ್ಣಿಗೇ ಬಿದ್ದರೆ? ಹಾಲು ಹಾಕಬೇಕು ಅಂತಾರೆ.

ತುರ್ತುವಾರ್ಡ್
ಹಾಲು ಬೇಡ. 2008ರಲ್ಲಿ ಹೊರಬಂದ ಒಂದು ಪ್ರಯೋಗದಲ್ಲಿ ಆಂಟಾಸಿಡ್, ಮರಗಟ್ಟಿಸುವ ಲಿಡೋಕೇನ್ ಜೆಲ್, ಬೇಬಿ ಶಾಂಪೂ, ಹಾಲು, ನೀರು ಐದನ್ನೂ ಹೋಲಿಸಿದರು. ನೋವು ಕಡಿಮೆ ಮಾಡುವುದರಲ್ಲಿ ಹೇಳಿಕೊಳ್ಳುವ ವ್ಯತ್ಯಾಸವೇ ಕಾಣಲಿಲ್ಲ. ತೆರೆದ ಗಾಳಿಗೆ ಹೋಗಿ. ಉಜ್ಜಬೇಡಿ. ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ಕೈ ತೊಳೆದು ತೆಗೆಯಿರಿ. ಧಾರಾಳವಾಗಿ ತಣ್ಣೀರು ಬಿಡಿ, ರೆಪ್ಪೆ ಪಟಪಟ ಬಡಿಯುತ್ತಿರಿ. ಎಣ್ಣೆ, ಕ್ರೀಮ್ ಹಚ್ಚಿದರೆ ಖಾರ ಚರ್ಮದ ಮೇಲೇ ಉಳಿಯುತ್ತದೆ. ಆಸ್ತಮಾ ಇದ್ದು ಉಸಿರು ಕಟ್ಟಿದಂತಾದರೆ, ಅಥವಾ ಒಂದು ಗಂಟೆಯಾದರೂ ದೃಷ್ಟಿ ಮಂಜಾಗಿದ್ದರೆ ಆಸ್ಪತ್ರೆಗೆ ಬನ್ನಿ. ನಿಮಗೇ ಆಸ್ತಮಾ ಇದ್ದರೆ ಫಾಗ್ ಬೇಡ, ಜೆಲ್ ನೋಡಿ.

ರಾತ್ರಿಪಾಳಿ
ಇಷ್ಟೊಂದು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಧನ್ಯವಾದ. ಇಲ್ಲಿ ಪೆಪ್ಪರ್ ಸ್ಪ್ರೇಗೆ ಅಡ್ಡಿಯಿಲ್ಲ, ಕಾಯ್ದೆ ನೋಡಿದೆ. ಒಂದು ಕೈಯಲ್ಲಿ ಟಾರ್ಚ್, ಇನ್ನೊಂದರಲ್ಲಿ ಜೆಲ್ ಸ್ಪ್ರೇ ಅಂತ ತೀರ್ಮಾನ ಮಾಡಿದ್ದೇನೆ. ಅಲಾರಂ ಚೀಲದ ಪಟ್ಟಿಗೆ ಸಿಕ್ಕಿಸುತ್ತೇನೆ. ಡೋಜೋ ಅವರು ನಾಲ್ಕು ಬೇಡ ಅಂದರು, ಮೂರು ಆಗಬಹುದು ಅಲ್ವಾ?

ಡೋಜೋ ದಿನಗಳು
ಮೂರಕ್ಕೂ ಬೇರೆ ಬೇರೆ ಕೆಲಸ, ಬೇರೆ ಬೇರೆ ಜಾಗ. ಆಗಬಹುದು. ಆದರೆ ಅವನು ದಿನಾ ಬರುತ್ತಿದ್ದಾನೆ ಅಂದರೆ ನಿಮ್ಮ ಹೊತ್ತು ಅವನಿಗೆ ಗೊತ್ತಿದೆ. ಪೊಲೀಸರಿಗೆ ಈಗಲೇ ಹೇಳಿ, ಏನಾದರೂ ಆಗಲಿ ಅಂತ ಕಾಯಬೇಡಿ. ಬಸ್ಸಿಳಿಯುವ ಜಾಗ ಬದಲಿಸಲು ಆಗುತ್ತದೆಯೇ ನೋಡಿ. ಕಿವಿಗೆ ಇಯರ್‌ಫೋನ್ ಬೇಡ.

ಓಟಗಾರ್ತಿ
ಫೋನಿನ ತುರ್ತು ಗುಂಡಿಯನ್ನೂ ಈಗಲೇ ಸಿದ್ಧ ಮಾಡಿಡಿ ಅಕ್ಕಾ. ಹಲವು ಆಂಡ್ರಾಯ್ಡ್ ಫೋನ್‌ಗಳಲ್ಲಿ ಪವರ್ ಬಟನ್ ಐದು ಸಲ ಒತ್ತಿದರೆ ತುರ್ತು ಕರೆ ಹೋಗುತ್ತದೆ. ಐಫೋನ್‌ನಲ್ಲಿ ಪಕ್ಕದ ಬಟನ್ ಮತ್ತು ವಾಲ್ಯೂಮ್ ಬಟನ್ ಒಟ್ಟಿಗೆ ಒತ್ತಿ ಹಿಡಿಯಬೇಕು. ಮನೆ ಮುಟ್ಟುವವರೆಗೆ ಲೈವ್ ಲೊಕೇಶನ್ ಒಬ್ಬರಿಗೆ ಕಳಿಸುತ್ತಿರಿ.

ಮೌನಿ
ಬೀದಿನಾಯಿಗೆ ಇದೇ ಸ್ಪ್ರೇ ನಡೆಯುತ್ತದೆಯೇ?

ಬಯಲುಹಕ್ಕಿ
ನಡೆಯುತ್ತದೆ, ಆದರೆ ಅದು ಕೊನೆಗೆ. ನಾಯಿಗೆ ಬೆನ್ನು ತಿರುಗಿಸಿ ಓಡಬೇಡಿ. ಕೊಡೆ ಅಥವಾ ಚೀಲ ನಡುವೆ ಹಿಡಿದು ನಿಧಾನವಾಗಿ ಹಿಂದೆ ಸರಿಯಿರಿ.

ಇಬ್ಬರು ಹೆಣ್ಮಕ್ಕಳ ಅಪ್ಪ
ಇನ್ನೊಂದು ಪ್ರಶ್ನೆ. ಮನೆಯಲ್ಲಿ ಹಳೆಯ ಸ್ಪ್ರೇ ಒಂದಿದೆ, ಕಾರಿನಲ್ಲೇ ಬಿದ್ದಿತ್ತು. ತಾರೀಖು ಮುಗಿದಿದೆ. ಅಲುಗಿಸಿದರೆ ಒಳಗೆ ದ್ರವ ಇದೆ. ಚಿಕ್ಕವಳಿಗೆ ಕೊಡಬಹುದೇ? ವಿಮಾನದಲ್ಲೂ ಒಯ್ಯಬೇಕಾಗಬಹುದು.

ಬಯಲುಹಕ್ಕಿ
ಕೊಡಬೇಡಿ. ಖಾರ ಉಳಿದಿರಬಹುದು, ಆದರೆ ಹೊರಗೆ ತಳ್ಳುವ ಅನಿಲ ನಿಧಾನವಾಗಿ ಸೋರಿಹೋಗಿರುತ್ತದೆ. ಒತ್ತಿದಾಗ ಕಾಲಬುಡಕ್ಕೆ ತೊಟ್ಟಿಕ್ಕುತ್ತದೆ. ಸಾಮಾನ್ಯವಾಗಿ ಮೂರು ನಾಲ್ಕು ವರ್ಷ ಬಾಳಿಕೆ. ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಂತೂ ಇಡಲೇಬಾರದು, 50 ಡಿಗ್ರಿ ದಾಟಿದರೆ ಡಬ್ಬಿ ಸಿಡಿಯಬಹುದು. ಹಳೆಯದನ್ನು ಕಸದ ಬುಟ್ಟಿಗೂ ಹಾಕಬೇಡಿ, ಒತ್ತಡದ ಡಬ್ಬಿಗಳನ್ನು ತೆಗೆದುಕೊಳ್ಳುವ ಅಪಾಯಕಾರಿ ತ್ಯಾಜ್ಯ ಕೇಂದ್ರಕ್ಕೆ ಕೊಡಿ. ವಿಮಾನದ ಕ್ಯಾಬಿನ್‌ಗೆ ಪೆಪ್ಪರ್ ಸ್ಪ್ರೇ ಬಿಡುವುದಿಲ್ಲ. ಅವಳಿಗೆ ಅಲಾರಂ ಕೊಟ್ಟು ಕಳಿಸಿ, ಹೋದಲ್ಲಿ ಕಾನೂನು ನೋಡಿಕೊಂಡು ಹೊಸ ಸ್ಪ್ರೇ ಕೊಳ್ಳಲಿ.